ರಾಜಕೋಟದ ಮನೆ ಮತ್ತು ನಮ್ಮ ಮನೆಗಳು

ನೇಮಿನಾಥ ಸ್ವಾಮಿಯ ನಿರ್ವಾಣಭೂಮಿಯಾದ ಗಿರನಾರಕ್ಕೆ ಕರ್ನಾಟಕದಿಂದ ಹೊರಡುವ ನಮ್ಮ ಕೆಲವು ಯಾತ್ರಾಸಂಘಗಳು ತಮ್ಮ ಪಟ್ಟಿಯಲ್ಲಿ ಈಚೆಗೆ ಎರಡು ಮನೆಗಳನ್ನೂ ಸೇರಿಸಿಕೊಂಡಿವೆ. ಒಂದು, ಪೋರಬಂದರದಲ್ಲಿ ಮಹಾತ್ಮಾ ಗಾಂಧಿಯವರು 1869ನೆಯ ಅಕ್ಟೋಬರ್ 2ರಂದು ಹುಟ್ಟಿದ ಮನೆ. ಇನ್ನೊಂದು, ಅವರು ಬೆಳೆದ ರಾಜಕೋಟದ ಮನೆ. ‘ಕಬಾ ಗಾಂಧಿ ನೋ ಡೇಲೋ’ ಎಂದು ಆ ಸೀಮೆಯವರು ಕರೆಯುವ, ದೊಡ್ಡ ಬಾಗಿಲೂ ಒಳಗೆ ಅಂಗಳವೂ ಉಳ್ಳ ಮನೆ. ಎರಡೂ ಈಗ ಸ್ಮಾರಕಗಳಾಗಿ ಸಂರಕ್ಷಿತವಾಗಿವೆ. ಸಿದ್ಧಕ್ಷೇತ್ರದ ದರ್ಶನಕ್ಕೆ ಹೋದವರು ಹಾದಿಯಲ್ಲಿ ಒಬ್ಬ ಸತ್ಪುರುಷನ ಬಾಲ್ಯದ ಮನೆಯನ್ನು ಕಂಡು ಬಂದರೆ ಅದರಲ್ಲಿ ಆಕ್ಷೇಪಿಸಬೇಕಾದುದೇನೂ ಇಲ್ಲ. ಆದರೆ ಆ ಮನೆಗಳಲ್ಲಿ ನಾವು ಏನನ್ನು ನೋಡಿ ಬರುತ್ತಿದ್ದೇವೆ, ಅಲ್ಲಿಂದ ಏನನ್ನು ಹೊತ್ತು ತರುತ್ತಿದ್ದೇವೆ, ನಮ್ಮ ಬಸದಿಗಳ ಟ್ರಸ್ಟುಗಳು ಅದರಿಂದ ಯಾವ ಪಾಠ ಕಲಿಯುತ್ತಿವೆ ಎಂಬುದನ್ನು ದಾಕ್ಷಿಣ್ಯವಿಲ್ಲದೆ ವಿಚಾರಿಸಬೇಕಾದ ಕಾಲ ಬಂದಿದೆ. ನಾವು ಕಲಿತು ಬರುತ್ತಿರುವ ಪಾಠವು ಆ ಮನೆ ಹೇಳುವ ಪಾಠಕ್ಕೆ ತದ್ವಿರುದ್ಧವಾದುದು ಎಂಬುದೇ ಈ ಲೇಖನದ ವಾದ.

ಯಾತ್ರಿಕರ ನಡವಳಿಕೆಯನ್ನು ಮೊದಲು ನೋಡೋಣ. ಪೋರಬಂದರದ ಮನೆಯಲ್ಲಿ ಶಿಶು ಜನಿಸಿದ ಜಾಗವನ್ನು ನೆಲದ ಮೇಲೆ ಸ್ವಸ್ತಿಕದಿಂದ ಗುರುತಿಸಲಾಗಿದೆ. ಬಸ್ಸಿನಿಂದಿಳಿದವರು ಅಲ್ಲಿ ಕೈಮುಗಿಯುತ್ತಾರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಇಕ್ಕಟ್ಟಾದ ಮೆಟ್ಟಿಲುಗಳನ್ನು ಒಮ್ಮೆ ಹತ್ತಿ ಇಳಿಯುತ್ತಾರೆ. ರಾಜಕೋಟದ ಮನೆಯಲ್ಲಿ ಗೋಡೆಯ ಚಿತ್ರಗಳ ಮೇಲೆ ಕಣ್ಣಾಡಿಸುತ್ತಾರೆ. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದು, ಊಟದ ಏರ್ಪಾಟಿನ ಮಾತು ಮೊದಲಾಗುತ್ತದೆ. ಊರಿಗೆ ಮರಳಿದ ಮೇಲೆ ಟ್ರಸ್ಟಿನ ಸಭೆಯಲ್ಲಿ ಒಬ್ಬಿಬ್ಬರು ಎದ್ದು, “ಅವರು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ! ನಮ್ಮ ಸಮಾಜದ ಹಿರಿಯರ ಮನೆಗಳನ್ನೂ ಹೀಗೆಯೇ ಸ್ಮಾರಕ ಮಾಡಬೇಕು” ಎಂದು ಸೂಚಿಸುತ್ತಾರೆ. ಅಮೃತಶಿಲೆಯ ದರದ ವಿಚಾರ ಬರುತ್ತದೆ. ದಾನಿಗಳ ಹೆಸರನ್ನು ಯಾವ ಗೋಡೆಯ ಮೇಲೆ, ಯಾವ ಅಳತೆಯ ಅಕ್ಷರಗಳಲ್ಲಿ ಕೆತ್ತಿಸಬೇಕೆಂಬ ಚರ್ಚೆ ನಡೆಯುತ್ತದೆ. ಆ ಮನೆಯಲ್ಲಿ ಯಾರು ಏನು ಮಾಡಿದರು ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ.

ಪೋರಬಂದರದ ಕಟ್ಟಡವೇ ಈ ಮರೆವಿಗೆ ಸ್ವಲ್ಪ ಅನುಕೂಲ ಮಾಡಿಕೊಡುತ್ತದೆ ಎನ್ನಬೇಕು. ಹಳೆಯ ಮನೆಯ ಪಕ್ಕದಲ್ಲಿ ಅದಕ್ಕಿಂತ ಎತ್ತರವಾಗಿ ನಿಂತಿರುವುದು ಕೀರ್ತಿಮಂದಿರ. ಆಫ್ರಿಕದಲ್ಲಿ ವ್ಯಾಪಾರೋದ್ಯಮ ನಡೆಸಿ ಸಿರಿವಂತರಾದ ನಾನಜಿ ಕಾಳಿದಾಸ ಮೆಹತಾ ಎಂಬ ಶ್ರೇಷ್ಠಿಯ ದಾನದಿಂದ ಅದು ಎದ್ದಿತು. 1950ನೆಯ ಮೇ 27ರಂದು ಸರ್ದಾರ ವಲ್ಲಭಭಾಯಿ ಪಟೇಲರು ಅದನ್ನು ಉದ್ಘಾಟಿಸಿದರು. ಗಾಂಧಿಯವರ 79 ವರ್ಷಗಳ ಆಯುಷ್ಯದ ಸಂಕೇತವಾಗಿ ಅದರ ಎತ್ತರ 79 ಅಡಿ. ಹಲವು ಧರ್ಮಗಳ ದೇವಾಲಯಗಳ ಲಕ್ಷಣಗಳನ್ನು ಅದರಲ್ಲಿ ಕೂಡಿಸಿದ್ದಾರೆ. ಜೈನ ಮಂದಿರದ ಲಕ್ಷಣಗಳೂ ಅಲ್ಲಿವೆ. ದಾನಿಯ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ನಮ್ಮ ವರ್ತಕಸಮಾಜಕ್ಕೆ ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ದಾನಿಯ ಕಾರ್ಯವೇ ಹೊರತು ಆ ಮನೆಯ ಗೃಹಸ್ಥನ ಕಾರ್ಯವಲ್ಲ. ನಾವು ಕೀರ್ತಿಯನ್ನು ನೋಡುತ್ತೇವೆ. ಕೀರ್ತಿಗೆ ಕಾರಣವಾದ ವ್ರತವನ್ನು ನೋಡುವುದಿಲ್ಲ. ದಾನಿಯನ್ನು ಅನುಕರಿಸಲು ಹಣ ಸಾಕು. ಗೃಹಸ್ಥನನ್ನು ಅನುಕರಿಸಲು ನಡತೆ ಬೇಕು. ಸುಲಭವಾದುದನ್ನು ನಾವು ಆರಿಸಿಕೊಂಡಿದ್ದೇವೆ.

ಹಾಗಾದರೆ ಆ ಮನೆಗಳಲ್ಲಿ ನಡೆದುದೇನು? ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ತಾಯಿ ಪುತಲೀಬಾಯಿ ಚಾತುರ್ಮಾಸದ ವ್ರತಗಳನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದವರು. ಒಂದು ಮಳೆಗಾಲದಲ್ಲಿ ಸೂರ್ಯದರ್ಶನವಾಗದೆ ಆಹಾರ ಸ್ವೀಕರಿಸುವುದಿಲ್ಲವೆಂದು ವ್ರತ ತೊಟ್ಟರು. ಮಕ್ಕಳು ಅಂಗಳದಲ್ಲಿ ನಿಂತು ಮೋಡದ ಕಡೆ ನೋಡುತ್ತಿದ್ದು, ಸೂರ್ಯ ಕಂಡೊಡನೆ ಓಡಿ ಬಂದು ತಾಯಿಗೆ ತಿಳಿಸುತ್ತಿದ್ದರು. ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯ ಮರೆಯಾಗಿದ್ದರೆ, ಮಕ್ಕಳ ಕಣ್ಣಿನ ಸಾಕ್ಷಿಯನ್ನು ತನ್ನ ಅನುಕೂಲಕ್ಕೆ ಬಳಸಿಕೊಳ್ಳದೆ, ನಗುಮುಖದಿಂದಲೇ ಒಳಗೆ ಹೋಗಿ ಮನೆಗೆಲಸದಲ್ಲಿ ತೊಡಗುತ್ತಿದ್ದರು. ಆ ತಾಯಿ ವೈಷ್ಣವ ಮನೆತನದವರು. ಆದರೆ ವ್ರತವೆಂದರೇನೆಂಬುದನ್ನು ಶ್ರಾವಿಕೆಯರೂ ಆಕೆಯಿಂದ ಕಲಿಯಬಹುದು. ವ್ರತಕ್ಕೆ ಸಾಕ್ಷಿ ಬೇರೆಯವರ ಕಣ್ಣಲ್ಲ, ತನ್ನ ಕಣ್ಣು; ಸಡಿಲಿಸಲು ಅವಕಾಶವಿದ್ದಾಗಲೂ ಸಡಿಲಿಸದಿರುವುದೇ ವ್ರತ.

ತಂದೆ ಕರಮಚಂದ ಗಾಂಧಿಯವರು ಸಂಸ್ಥಾನಗಳ ದಿವಾನರಾಗಿದ್ದರೂ ಹಣ ಕೂಡಿಡುವ ಆಸೆಯಿಟ್ಟವರಲ್ಲ, ಮಕ್ಕಳಿಗೆ ಬಿಟ್ಟ ಆಸ್ತಿ ಅತ್ಯಲ್ಪ ಎಂದು ಮಗನೇ ಬರೆದಿದ್ದಾರೆ. ಆ ಮನೆಗೆ ಜೈನ ಸಾಧುಗಳು ಆಗಾಗ ಬರುತ್ತಿದ್ದರು, ಜೈನೇತರರ ಮನೆಯಾದರೂ ಅಲ್ಲಿ ಆಹಾರ ಸ್ವೀಕರಿಸುತ್ತಿದ್ದರು, ತಂದೆಯೊಡನೆ ಧರ್ಮಚರ್ಚೆ ಮಾಡುತ್ತಿದ್ದರು. ರೋಗಶಯ್ಯೆಯಲ್ಲಿದ್ದ ಆ ತಂದೆಯ ಸೇವೆಗೆ ಕುಳಿತು ಹುಡುಗ ಈ ಮಾತುಗಳನ್ನು ಕೇಳುತ್ತಿದ್ದ. ಅದೇ ಕಾಲದಲ್ಲಿ, ತನ್ನ ಹದಿನೈದರ ವಯಸ್ಸಿನಲ್ಲಿ, ಅಣ್ಣನ ಸಾಲ ತೀರಿಸಲು ಅಣ್ಣನ ತೋಳುಬಳೆಯಿಂದ ಚೂರು ಚಿನ್ನವನ್ನು ಕತ್ತರಿಸಿದ ಅಪರಾಧವನ್ನು ಆತ ಚೀಟಿಯಲ್ಲಿ ಬರೆದು ತಂದೆಯ ಕೈಗೆ ಕೊಟ್ಟ. ಶಿಕ್ಷೆಯನ್ನೂ ಬೇಡಿದ್ದ. ತಂದೆ ಎದ್ದು ಕುಳಿತು ಓದಿ, ಕಣ್ಣೀರು ಸುರಿಸಿ, ಚೀಟಿಯನ್ನು ಹರಿದು ಹಾಕಿ ಮತ್ತೆ ಮಲಗಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಅಹಿಂಸೆಯ ಪ್ರತ್ಯಕ್ಷ ಪಾಠ ತನಗೆ ಆಗ ದೊರೆಯಿತೆಂದು ಗಾಂಧಿಯವರು ನೆನೆದಿದ್ದಾರೆ.

ಈಗ ನಮ್ಮ ಯಾತ್ರಿಕ ಬಂಧುಗಳನ್ನು ಕೇಳುತ್ತೇನೆ: ಆ ಅಂಗಳದಲ್ಲಿ ನಿಂತಾಗ ನಿಮ್ಮ ಮಕ್ಕಳಿಗೆ ಈ ಚೀಟಿಯ ಕಥೆಯನ್ನು ಹೇಳಿದಿರಾ? ನಮ್ಮ ಮನೆಗಳಲ್ಲಿ ಒಂದು ಮಗು ಅಂಥ ಚೀಟಿ ಬರೆದು ತಂದುಕೊಟ್ಟರೆ ಅದರ ಗತಿ ಏನಾದೀತು? ಅದಕ್ಕಿಂತ ಮೊದಲು, ಅಂಥ ಚೀಟಿ ಬರೆಯಬಹುದೆಂಬ ಭರವಸೆ ನಮ್ಮ ಮಕ್ಕಳಿಗೆ ಇದೆಯೆ? ಎರಡು ಲೆಕ್ಕದ ಪುಸ್ತಕಗಳು ಇರುವ ಅಂಗಡಿಯ ಮನೆಯಲ್ಲಿ ಬೆಳೆಯುವ ಹುಡುಗ ತಪ್ಪೊಪ್ಪಿಗೆಯನ್ನು ಯಾರಿಂದ ಕಲಿಯಬೇಕು? ಕೂಟಲೇಖಕ್ರಿಯೆ ಸತ್ಯಾಣುವ್ರತಕ್ಕೆ ಅತಿಚಾರವೆಂದೂ, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಮಾಲಿನೊಡನೆ ಕೀಳು ಮಾಲನ್ನು ಬೆರೆಸುವುದು ಅಚೌರ್ಯಾಣುವ್ರತಕ್ಕೆ ಅತಿಚಾರಗಳೆಂದೂ ನಮ್ಮ ಆಚಾರ್ಯರು ಬರೆದದ್ದು ಅರಣ್ಯದಲ್ಲಿರುವ ಮುನಿಗಳಿಗಾಗಿ ಅಲ್ಲ. ಅಂಗಡಿಯಲ್ಲಿ ಕುಳಿತ ನಮಗಾಗಿ.

1888ರ ಪ್ರಸಂಗವನ್ನು ಇನ್ನೂ ವಿಶೇಷವಾಗಿ ಗಮನಿಸಬೇಕು. ತಂದೆ ತೀರಿಕೊಂಡು ಮೂರು ವರ್ಷಗಳಾಗಿದ್ದವು. ಹುಡುಗನನ್ನು ಬ್ಯಾರಿಸ್ಟರ್ ಓದಿಗಾಗಿ ವಿಲಾಯಿತಿಗೆ ಕಳುಹಿಸುವ ಮಾತು ಬಂತು. ಅಲ್ಲಿಗೆ ಹೋದವರು ಕೆಡುತ್ತಾರೆ ಎಂದು ತಾಯಿ ಅಂಜಿದರು. ಆಗ ಮನೆತನಕ್ಕೆ ಸಲಹೆಗಾರರಾಗಿದ್ದ ಬೇಚರಜಿ ಸ್ವಾಮಿಗಳು ಮುಂದೆ ಬಂದರು. ಇವರು ಮೂಲತಃ ಗಾಂಧಿಯವರದೇ ಆದ ಮೋಢ ವಣಿಕರ ಜಾತಿಯಲ್ಲಿ ಹುಟ್ಟಿ ಜೈನ ಸಾಧುಗಳಾದವರು. ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಹುಡುಗನಿಂದ ಪ್ರತಿಜ್ಞೆ ಮಾಡಿಸಿದರು. ತಾಯಿ ಅನುಮತಿ ಕೊಟ್ಟರು. ಇದಾದ ಮೇಲೆ ಮುಂಬಯಿಯಲ್ಲಿ ಅವರ ಜಾತಿಯ ಪಂಚಾಯಿತಿ ಸೇರಿತು. ಸಮುದ್ರಯಾನ ಧರ್ಮಕ್ಕೆ ವಿರುದ್ಧವೆಂದು ಜಾತಿಯ ಶೇಠರು ಹೇಳಿದರು. ಹುಡುಗ ಒಪ್ಪದಿರಲು ಅವನನ್ನು ಜಾತಿಯಿಂದ ಹೊರಗಿಟ್ಟರು. ಅವನಿಗೆ ನೆರವಾದವರಿಗೂ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕು ಆಣೆ ದಂಡವೆಂದು ವಿಧಿಸಿದರು.

ಇಲ್ಲಿ ಧರ್ಮದ ಹೆಸರಿನಲ್ಲಿ ಇಬ್ಬರು ಮಾತನಾಡಿದ್ದಾರೆ. ಶೇಠರು ಹೊರಗಿನ ಬೇಲಿಯನ್ನು ಕಾಯಲು ಯತ್ನಿಸಿದರು. ಸಾಧುಗಳು ಒಳಗಿನ ಮನುಷ್ಯನನ್ನು ಬಲಪಡಿಸಿದರು. ಶೇಠರ ಕೈಯಲ್ಲಿ ದಂಡವಿತ್ತು, ಬಹಿಷ್ಕಾರವಿತ್ತು, ಸಭೆಯ ಬಹುಮತವಿತ್ತು. ಸಾಧುಗಳ ಕೈಯಲ್ಲಿ ಇದ್ದುದು ಮೂರು ವಾಕ್ಯಗಳ ಒಂದು ವ್ರತ. ಹುಡುಗನನ್ನು ಪರದೇಶದಲ್ಲಿ ಕಾಪಾಡಿದ್ದು ಯಾವುದೆಂಬುದು ಲೋಕಕ್ಕೆಲ್ಲ ಗೊತ್ತಿದೆ. ಇಂದು ಮಕ್ಕಳನ್ನು ಬೆಂಗಳೂರಿನ ವಸತಿಗೃಹಗಳಿಗೂ ಅಮೆರಿಕೆಯ ವಿಶ್ವವಿದ್ಯಾಲಯಗಳಿಗೂ ಕಳುಹಿಸುವ ನಮ್ಮ ತಾಯಂದಿರ ಎದೆಯಲ್ಲಿರುವ ಅಂಜಿಕೆ ಪುತಲೀಬಾಯಿಯವರ ಅಂಜಿಕೆಗಿಂತ ಬೇರೆಯಲ್ಲ. ಆದರೆ ಆ ಅಂಜಿಕೆಗೆ ನಮ್ಮ ಸಮಾಜದ ಮುಖಂಡರು ಕೊಡುವ ಉತ್ತರ ಶೇಠರದೋ, ಸಾಧುಗಳದೋ? ಯಾರು ಯಾರನ್ನು ಮದುವೆಯಾದರು, ಯಾರು ಸಮಾಜದ ಸಮಾರಂಭಕ್ಕೆ ಬರಲಿಲ್ಲ, ಯಾರ ಚಂದಾ ಬಾಕಿಯಿದೆ ಎಂಬ ಲೆಕ್ಕ ನಮ್ಮಲ್ಲಿ ಕರಾರುವಾಕ್ಕಾಗಿ ಇರುತ್ತದೆ. ಊರು ಬಿಡುವ ಹುಡುಗ ಹುಡುಗಿಯರನ್ನು ಕರೆದು ಕೂಡಿಸಿಕೊಂಡು, ಅವರು ಹೊರಬಲ್ಲಷ್ಟೇ ಆದ ಒಂದು ಅಣುವ್ರತವನ್ನು ಅರ್ಥ ತಿಳಿಸಿ ಕೊಡುವ ಏರ್ಪಾಟು ಎಷ್ಟು ಬಸದಿಗಳಲ್ಲಿದೆ?

ಆ ವ್ರತವನ್ನು ಹುಡುಗ ಲಂಡನ್ನಿನಲ್ಲಿ ಅರ್ಥಮಾಡಿಕೊಂಡ ಬಗೆ ನಮ್ಮಂಥ ವ್ಯಾಪಾರಿಗಳಿಗೆ ಬಾಯಿಪಾಠವಾಗಬೇಕು. ಮಾಂಸವೆಂದರೆ ಪಶುಪಕ್ಷಿಗಳ ಮಾಂಸ ಮಾತ್ರ, ಮೀನು ಮೊಟ್ಟೆಗಳು ಅದಕ್ಕೆ ಸೇರುವುದಿಲ್ಲ ಎಂಬ ಒಂದು ಅರ್ಥವನ್ನು ಅಲ್ಲಿನವರು ಅವರ ಮುಂದಿಟ್ಟರು. ಆ ಅರ್ಥವನ್ನು ಹಿಡಿದಿದ್ದರೆ ಹಸಿವಿನಲ್ಲಿ ಅನುಕೂಲವಾಗುತ್ತಿತ್ತು. ಕೆಲವು ಕಾಲ ಮೊಟ್ಟೆ ತಿಂದದ್ದೂ ಉಂಟು. ಆಮೇಲೆ ಅವರು ಯೋಚಿಸಿ ಒಂದು ನಿರ್ಣಯಕ್ಕೆ ಬಂದರು: ಪ್ರತಿಜ್ಞೆ ಮಾಡಿಸಿದ ತಾಯಿ ಮಾಂಸವೆಂಬ ಮಾತಿಗೆ ಯಾವ ಅರ್ಥವನ್ನು ತಿಳಿದಿದ್ದಳೋ ಅದೇ ತನ್ನನ್ನು ಕಟ್ಟುವ ಅರ್ಥ. ತಾಯಿಯ ಅರ್ಥದಲ್ಲಿ ಮೊಟ್ಟೆಯೂ ನಿಷಿದ್ಧ. ಮೊಟ್ಟೆಯನ್ನು ಬಿಟ್ಟರು. ಎರಡು ಅರ್ಥಗಳಿಗೆ ಅವಕಾಶವಿದ್ದಲ್ಲಿ ದುರ್ಬಲ ಪಕ್ಷದವರ ಅರ್ಥವನ್ನೇ ಒಪ್ಪಬೇಕೆಂಬುದನ್ನೂ ಅವರು ನ್ಯಾಯವಾಗಿ ಕಂಡುಕೊಂಡರು. ಕರಾರುಪತ್ರದ ಕೊನೆಯ ಸಾಲಿನ ಸಣ್ಣ ಅಕ್ಷರಗಳಲ್ಲಿ ತಮ್ಮ ಲಾಭವನ್ನು ಅಡಗಿಸುವುದನ್ನೇ ಜಾಣತನವೆಂದು ತಿಳಿದ ವರ್ತಕರು ನಮ್ಮಲ್ಲಿಯೂ ಇದ್ದಾರೆ. ಕೇಕಿನಲ್ಲಿ ಕಾಣದ ಮೊಟ್ಟೆ ಮೊಟ್ಟೆಯೇ ಅಲ್ಲವೆಂದು ವಾದಿಸುವ ತಂದೆತಾಯಿಗಳೂ ನಮ್ಮಲ್ಲಿದ್ದಾರೆ. ಇವರೆಲ್ಲರೂ ರಾಜಕೋಟದ ಮನೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಆದರೆ ಆ ಮನೆಯ ಒಳಗೆ ಅವರು ಹೋದಂತಾಗಲಿಲ್ಲ.

ಇಲ್ಲಿ ನಮ್ಮವರು ಹೆಮ್ಮೆಯಿಂದ ಹೇಳುವ ಇನ್ನೊಂದು ಮಾತನ್ನು ಎದುರಿಸಬೇಕಾಗಿದೆ. ವ್ರತ ಕೊಟ್ಟವರು ಜೈನ ಸಾಧುಗಳು. 1891ರಲ್ಲಿ ವಿಲಾಯಿತಿಯಿಂದ ಮರಳಿದೊಡನೆ ಮುಂಬಯಿಯಲ್ಲಿ ಅವರಿಗೆ ಪರಿಚಯವಾದ ರಾಯಚಂದಭಾಯಿ ಜೈನ ಶ್ರಾವಕರು. ಆದ್ದರಿಂದ ಗಾಂಧಿಯವರು ವಾಸ್ತವವಾಗಿ ನಮ್ಮವರೇ ಎಂಬ ಮಾತು ಅದು. ಶ್ರೀಮದ್ ರಾಜಚಂದ್ರರ ಪ್ರಭಾವವನ್ನು ಗಾಂಧಿಯವರೇ ಕೃತಜ್ಞತೆಯಿಂದ ಒಪ್ಪಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ಧರ್ಮಸಂಶಯಕ್ಕೆ ಸಿಲುಕಿದಾಗ 1894ರಲ್ಲಿ 27 ಪ್ರಶ್ನೆಗಳನ್ನು ಬರೆದು ಕಳುಹಿಸಿ ಅವರಿಂದ ಸಮಾಧಾನ ಪಡೆದರು. ಲಕ್ಷಾಂತರ ರೂಪಾಯಿಗಳ ರತ್ನವ್ಯಾಪಾರ ಮುಗಿದೊಡನೆ ಧರ್ಮಗ್ರಂಥವನ್ನೋ ದಿನಚರಿಯನ್ನೋ ತೆರೆದು ಕೂರುತ್ತಿದ್ದ ಆ ವರ್ತಕನ ಚಿತ್ರ ನಮ್ಮೆಲ್ಲರ ಅಂಗಡಿಗಳಲ್ಲಿಯೂ ಇರತಕ್ಕದ್ದು. ಆದರೆ ಅವರನ್ನು ಕೂಡ ತಮ್ಮ ಹೃದಯದ ಗುರುಪೀಠದಲ್ಲಿ ಕೂರಿಸಲಾಗಲಿಲ್ಲವೆಂದು, ಆ ಪೀಠ ಬರಿದಾಗಿಯೇ ಉಳಿದಿದೆಯೆಂದು ಗಾಂಧಿಯವರು ಸ್ಪಷ್ಟವಾಗಿ ಬರೆದಿದ್ದಾರೆ. ಅವರು ತಾವಾಗಿ ತೆರವಾಗಿಟ್ಟ ಪೀಠದ ಮೇಲೆ ನಾವು ನಮ್ಮ ಸಮಾಜದ ಫಲಕವನ್ನು ಇಡಲು ಹೊರಟಿದ್ದೇವೆ.

ಅಷ್ಟೇ ಅಲ್ಲ. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲಿಕರೊಬ್ಬರು ತಮ್ಮ ಆವರಣದಲ್ಲಿ ತಿರುಗುತ್ತಿದ್ದ ಸುಮಾರು 60 ಬೀದಿನಾಯಿಗಳನ್ನು ಕೊಲ್ಲಿಸಿದಾಗ ಗಾಂಧಿಯವರು ಅದನ್ನು ಖಂಡಿಸಲಿಲ್ಲ. ಒಡೆಯರಿಲ್ಲದ ನಾಯಿಗಳನ್ನು ಬೀದಿಯಲ್ಲಿ ಬಿಟ್ಟು ಎಂಜಲು ಎಸೆಯುವುದು ದಯೆಯಲ್ಲ ಎಂದು ಲೇಖನಮಾಲೆಯನ್ನೇ ಬರೆದರು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ನರಳುತ್ತಿದ್ದ ಕರುವಿಗೆ ವೈದ್ಯರಿಂದ ಸೂಜಿಮದ್ದು ಕೊಡಿಸಿ ಅದರ ಬಾಳನ್ನು ಕೊನೆಗಾಣಿಸಿದರು. ಎರಡು ಸಂದರ್ಭಗಳಲ್ಲಿಯೂ ಅವರ ಮೇಲೆ ಕೋಪದ ಪತ್ರಗಳ ಮಳೆ ಸುರಿಯಿತು. ಬರೆದವರಲ್ಲಿ ಜೈನರೂ ಇದ್ದರು. ಅಂದು ಹಿಂಸಕನೆಂದು ಜರೆದವರ ಮೊಮ್ಮಕ್ಕಳು ಇಂದು ನಮ್ಮವನೆಂದು ಮೆರೆಸುತ್ತಿದ್ದಾರೆ. ಕರುವಿನ ವಿಷಯದಲ್ಲಿ ನಾನು ಇಂದಿಗೂ ಗಾಂಧಿಯವರ ಪಕ್ಷವನ್ನು ಒಪ್ಪುವವನಲ್ಲ. ಸಲ್ಲೇಖನವು ಸ್ವಂತ ಇಚ್ಛೆಯಿಂದ, ಕಷಾಯಗಳನ್ನು ಕೃಶಗೊಳಿಸಿಕೊಂಡು ಕೈಗೊಳ್ಳುವ ವ್ರತ. ಮಾತು ಬಾರದ ಜೀವಿಯ ಪರವಾಗಿ ಮರಣವನ್ನು ಇನ್ನೊಬ್ಬರು ನಿರ್ಧರಿಸುವುದು ಬೇರೆಯದೇ ಆದ ವಿಷಯ. ಆದರೂ ಅವರು ತಮ್ಮನ್ನು ನಿಂದಿಸಿದ ಪತ್ರಗಳ ವಾದವನ್ನು ತಮ್ಮ ಪತ್ರಿಕೆಯಲ್ಲಿಯೇ ಎತ್ತಿಕೊಂಡು, ಬಹಿರಂಗವಾಗಿ ಉತ್ತರ ಬರೆದರೆಂಬುದನ್ನು ಮರೆಯಲಾಗದು. ಟ್ರಸ್ಟಿನ ಆಡಳಿತದ ಮೇಲೆ ಒಬ್ಬ ಸದಸ್ಯ ಬರೆದ ಪತ್ರವನ್ನು ನೋಟೀಸು ಹಲಗೆಗೆ ಹಚ್ಚುವ ಧೈರ್ಯ ನಮಗಿದೆಯೆ? ಮಹಾಪುರುಷರನ್ನು ಗೌರವಿಸಲು ಅವರನ್ನು ನಮ್ಮ ಸ್ವತ್ತೆಂದು ದಾಖಲೆ ಮಾಡಿಸಿಕೊಳ್ಳಬೇಕಾಗಿಲ್ಲ. ಇನ್ನೊಬ್ಬರ ಕೀರ್ತಿಯನ್ನು ನಮ್ಮದೆನ್ನುವುದೂ ಒಂದು ಬಗೆಯ ಪರಿಗ್ರಹವೇ.

ಪರಿಗ್ರಹದ ಮಾತು ಬಂದುದರಿಂದ ಶಾಸ್ತ್ರದ ಕಡೆಗೆ ತಿರುಗೋಣ. ಪರಿಗ್ರಹಪರಿಮಾಣವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯನ್ನು ಉಮಾಸ್ವಾಮಿಗಳು ಕೊಡುವಾಗ ಬಂಗಾರ, ಧಾನ್ಯಗಳಿಗಿಂತ ಮೊದಲು ಹೆಸರಿಸಿರುವುದು ಕ್ಷೇತ್ರ ಮತ್ತು ವಾಸ್ತು; ಎಂದರೆ ಹೊಲ ಮತ್ತು ಮನೆ. ಮನೆ ಎಂಬುದೇ ಪರಿಗ್ರಹದ ಮೊದಲ ಸಾಲಿನಲ್ಲಿದೆ. ಮಮತೆಯೇ ಪರಿಗ್ರಹದ ತಿರುಳೆಂದೂ ಅವರೇ ಹೇಳಿದ್ದಾರೆ. ಮಮತೆ ಸ್ವಂತ ಮನೆಯ ಮೇಲಾದರೇನು, ಮಹಾತ್ಮರ ಮನೆಯ ಮೇಲಾದರೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯ ಉದಾಹರಣೆಗಳನ್ನು ಕೊಡುವಾಗ ಪುಣ್ಯವೆಂದು ಭಾವಿಸಿ ಮರಳು ಕಲ್ಲುಗಳನ್ನು ರಾಶಿ ಹಾಕುವುದನ್ನೂ ಸೇರಿಸಿದ್ದಾರೆ. ಗುಣವನ್ನು ಬಿಟ್ಟು ಕಲ್ಲನ್ನು ಮಾತ್ರ ಪೇರಿಸುವ ಎಲ್ಲ ಉದ್ಯಮಗಳಿಗೂ ಆ ಮಾತು ಅನ್ವಯಿಸುತ್ತದೆ.

ಇದಕ್ಕೆ ಪ್ರತಿವಾದ ಬರುತ್ತದೆಂದು ಬಲ್ಲೆ. ತೀರ್ಥಂಕರರ ಜನ್ಮಕಲ್ಯಾಣಕ ಕ್ಷೇತ್ರಗಳನ್ನು ನಾವು ವಂದಿಸುವುದಿಲ್ಲವೆ, ಕಲ್ಲಿಲ್ಲದೆ ನೆನಪು ನಿಂತೀತೆ, ಶ್ರವಣಬೆಳಗೊಳದ ಬಾಹುಬಲಿ ಕಲ್ಲಲ್ಲವೆ ಎಂದು ಕೇಳುವವರಿದ್ದಾರೆ. ಕೇಳಲಿ, ಆ ಉದಾಹರಣೆಯೇ ನನ್ನ ಪಕ್ಷಕ್ಕೆ ಬಲ ಕೊಡುತ್ತದೆ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯ ಕಲ್ಲಿನಲ್ಲಿ ಕಡೆಯಿಸಿದ್ದು ಏನನ್ನು? ಬಾಹುಬಲಿ ಹುಟ್ಟಿದ ಅರಮನೆಯನ್ನಲ್ಲ, ಪೌದನಪುರದ ಸಿಂಹಾಸನವನ್ನಲ್ಲ. ಗೆದ್ದ ರಾಜ್ಯವನ್ನು ಬಿಟ್ಟು, ಬಳ್ಳಿ ಮೈಗೆ ಹಬ್ಬಿದರೂ ಅಲುಗದೆ ನಿಂತ ಕಾಯೋತ್ಸರ್ಗದ ನಿಲುವನ್ನು. ಅಂದರೆ ಬಿಟ್ಟುಹೋದುದನ್ನಲ್ಲ, ಬಿಟ್ಟ ಭಾವವನ್ನು. ಗಿರನಾರದಲ್ಲಿ ನಾವು ವಂದಿಸುವುದೂ ನೇಮಿಕುಮಾರನ ಮದುವೆಯ ಚಪ್ಪರವನ್ನಲ್ಲ. ಮದುವೆಯ ಊಟಕ್ಕಾಗಿ ಕೂಡಿಹಾಕಿದ್ದ ಪಶುಗಳ ಕೂಗು ಕೇಳಿ ಆ ಚಪ್ಪರಕ್ಕೆ ಬೆನ್ನು ಮಾಡಿ ನಡೆದ ವೈರಾಗ್ಯವನ್ನು. ಜನ್ಮಕ್ಷೇತ್ರಗಳೂ ಪೂಜ್ಯವಾಗುವುದು ಹುಟ್ಟಿನಿಂದಲ್ಲ, ಆ ಹುಟ್ಟು ಮುಟ್ಟಿದ ಸಿದ್ಧಿಯಿಂದ. ನಮ್ಮ ಪೂರ್ವಜರು ಕಲ್ಲನ್ನು ಬಳಸಲು ಬಲ್ಲವರಾಗಿದ್ದರು. ಯಾವುದನ್ನು ಕಲ್ಲಿನಲ್ಲಿ ಉಳಿಸಬೇಕು, ಯಾವುದನ್ನು ಕಾಲಕ್ಕೆ ಬಿಟ್ಟುಕೊಡಬೇಕು ಎಂಬ ವಿವೇಕ ಅವರಿಗಿತ್ತು.

ಆ ವಿವೇಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ರಾಜಕೋಟದಲ್ಲಿಯೇ ನಿದರ್ಶನವಿದೆ. ಗಾಂಧಿಯವರು ಓದಿ 1887ರಲ್ಲಿ ಹೊರಬಂದ ಪ್ರೌಢಶಾಲೆ, ಆಲ್‌ಫ್ರೆಡ್ ಹೈಸ್ಕೂಲೆಂದು ಹೆಸರಾದುದು, 1853ರಷ್ಟು ಹಿಂದೆ ಆರಂಭವಾದ ವಿದ್ಯಾಸಂಸ್ಥೆ. ಸ್ವಾತಂತ್ರ್ಯ ಬಂದ ಮೇಲೆ ಅದಕ್ಕೆ ಮೋಹನದಾಸ ಗಾಂಧಿಯವರದೇ ಹೆಸರಿಟ್ಟರು. 2017ರಲ್ಲಿ ಆ ಶಾಲೆಯನ್ನು ಮುಚ್ಚಿದರು. 2018ರಲ್ಲಿ ಅದೇ ಕಟ್ಟಡ ಗಾಂಧಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಧಿಕಾರದಲ್ಲಿದ್ದವರಿಗೆ ತಮ್ಮವೇ ಆದ ಕಾರಣಗಳಿದ್ದಿರಬಹುದು. ಆದರೂ ಆ ಮಗ್ಗಿಯ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ: ಓದುತ್ತಿದ್ದ ಮಕ್ಕಳನ್ನು ಹೊರಗೆ ಕಳುಹಿಸಿ, ಎಂದೋ ಓದಿ ಹೋದ ಹುಡುಗನ ನೆನಪನ್ನು ಒಳಗಿರಿಸಿದ್ದಾಯಿತು. ಆ ಹುಡುಗನನ್ನೇ ಕೇಳಬಹುದಾಗಿದ್ದರೆ ಆತ ಯಾವುದನ್ನು ಉಳಿಸಿಕೊಳ್ಳುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತಿದೆ. ಭಾನುವಾರದ ಪಾಠಶಾಲೆ ನಡೆಯುತ್ತಿದ್ದ ಕೊಠಡಿ ಕುರ್ಚಿ ಪಾತ್ರೆಗಳ ಉಗ್ರಾಣವಾದುದನ್ನೂ, ಅದರ ಪಕ್ಕದಲ್ಲಿಯೇ ದಾನಿಗಳ ಭಾವಚಿತ್ರಗಳ ಸಭಾಂಗಣ ಎದ್ದುದನ್ನೂ ನಾನು ಕಂಡಿದ್ದೇನೆ. ಓದುಗರೂ ಕಂಡಿರಬಹುದು.

ಕೊನೆಯದಾಗಿ ‘ಟ್ರಸ್ಟ್’ ಎಂಬ ಮಾತನ್ನೇ ವಿಚಾರಿಸೋಣ. ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ಗೀತೆಯ ಅಪರಿಗ್ರಹವೆಂಬ ಮಾತು ಅವರನ್ನು ಕಾಡಿತು. ಸಂಸಾರ, ಪುಸ್ತಕ, ಆಸ್ತಿಗಳನ್ನೆಲ್ಲ ಇಟ್ಟುಕೊಂಡು ಅಪರಿಗ್ರಹಿಯಾಗುವುದು ಹೇಗೆಂಬ ಪ್ರಶ್ನೆಗೆ ಅವರು ಉತ್ತರವನ್ನು ಕಂಡುಕೊಂಡದ್ದು ವಿಲಾಯಿತಿಯಲ್ಲಿ ಓದಿದ್ದ ಸ್ನೆಲ್ ಎಂಬವರ ಕಾನೂನು ಪುಸ್ತಕದ ನೆನಪಿನಿಂದ. ವಿಶ್ವಸ್ತನಾದವನು ಎಷ್ಟೇ ಸಂಪತ್ತನ್ನು ನಿರ್ವಹಿಸುತ್ತಿದ್ದರೂ ಅದರಲ್ಲಿ ಒಂದು ಕಾಸನ್ನೂ ತನ್ನದೆಂದು ಎಣಿಸುವುದಿಲ್ಲ. ಮೋಕ್ಷಾರ್ಥಿಯೂ ಹಾಗೆಯೇ ಬಾಳಬೇಕು ಎಂದು ಅವರಿಗೆ ಹೊಳೆಯಿತು. ಹೊಳೆದುದನ್ನು ಆಚರಣೆಗೂ ತಂದರು. ಮುಂಬಯಿಯಲ್ಲಿ ಮಾಡಿಸಿದ್ದ 10,000 ರೂಪಾಯಿಗಳ ಜೀವವಿಮೆಯನ್ನು ಕೈಬಿಟ್ಟರು. ವಿಮೆಯನ್ನು ಎಲ್ಲರೂ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಗೃಹಸ್ಥನಿಗೆ ಮಿತಿಯಷ್ಟೇ ಧರ್ಮ, ಸರ್ವತ್ಯಾಗವಲ್ಲ. ಆದರೆ ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಹೊತ್ತಿರುವ ಹೆಸರು ಇದೇ ಎಂಬುದನ್ನು ಮರೆಯಬಾರದು. ಆ ಹೆಸರಿಗೆ ತಕ್ಕ ನಡತೆ ಎಷ್ಟಿದೆ? ಕಲಶಗಳ ಸವಾಲಿನಲ್ಲಿ ಬಂದ ಹಣ ಮುದ್ದತು ಠೇವಣಿಯಲ್ಲಿ ಬೆಳೆಯುತ್ತದೆ. ಬಸದಿಯ ಹೊಲದ ಗುತ್ತಿಗೆ ಯಾರಿಗೆ, ಎಷ್ಟಕ್ಕೆ ಎಂಬುದು ಇಬ್ಬರು ಮೂವರಿಗೆ ಮಾತ್ರ ತಿಳಿದಿರುತ್ತದೆ. ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವುದು ಊಟದ ಗಂಟೆ ಬಾರಿಸಿದ ಮೇಲೆ. ನಿರ್ಮಾಲ್ಯದ್ರವ್ಯವನ್ನು ಮುಟ್ಟಿದರೆ ಪಾಪವೆಂದು ನಂಬುವ ಜನರೇ, ದೇವರ ಹಣದ ಜಮಾಖರ್ಚನ್ನು ಮುಚ್ಚಿಟ್ಟರೆ ಪಾಪವೆಂದು ಭಾವಿಸುವುದಿಲ್ಲ.

ಟೀಕೆ ಮಾಡಿ ಸುಮ್ಮನಾಗುವುದು ವ್ಯಾಪಾರಿಗೆ ಶೋಭಿಸುವುದಿಲ್ಲ. ಬಾಕಿ ತೋರಿಸಿದವನು ತೀರಿಸುವ ದಾರಿಯನ್ನೂ ತೋರಿಸಬೇಕು. ಆದ್ದರಿಂದ ನಮ್ಮ ಟ್ರಸ್ಟುಗಳ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇನೆ.

ಒಂದು. ಸೌರಾಷ್ಟ್ರದ ಯಾತ್ರೆಗೆ ಹೊರಡುವ ಸಂಘಗಳು ಆ ಮನೆಗಳಿಗೆ ಹೋಗಲಿ. ಆದರೆ ಹೋಗುವ ಹಾದಿಯಲ್ಲಿ ಆತ್ಮಕಥೆಯ ಮೊದಲ ಭಾಗವನ್ನು ಒಬ್ಬರು ಓದಿ ಎಲ್ಲರೂ ಕೇಳಲಿ. ಓದದೆ ಹೋಗುವುದಾದರೆ ಆ ನಿಲುಗಡೆಯನ್ನು ಪಟ್ಟಿಯಿಂದ ತೆಗೆದುಬಿಡಲಿ. ಗಿರನಾರದ ಮೆಟ್ಟಿಲುಗಳನ್ನು ಹತ್ತಲು ಅಷ್ಟು ಸಮಯ ಹೆಚ್ಚಾಗಿ ಸಿಗುತ್ತದೆ.

ಎರಡು. ಪ್ರತಿವರ್ಷ ಓದಿಗೋ ಉದ್ಯೋಗಕ್ಕೋ ಊರು ಬಿಡುವ ಮಕ್ಕಳನ್ನು ಬಸದಿಗೆ ಕರೆದು, ತಾಯಿತಂದೆಯರ ಸಮಕ್ಷಮದಲ್ಲಿ ವ್ರತ ಕೊಡುವ ಏರ್ಪಾಟಾಗಲಿ. ಹೊರಲಾರದಷ್ಟು ಹೊರಿಸಬಾರದು. ಒಂದೋ ಎರಡೋ ಸಾಕು. ಅದರ ಅರ್ಥವೇನು, ಮಿತಿ ಏನು, ಎಷ್ಟು ಕಾಲ ಎಂಬುದು ಕೊಡುವವರಿಗೂ ಕೊಳ್ಳುವವರಿಗೂ ಸ್ಪಷ್ಟವಾಗಿರಲಿ. ವ್ರತ ಮುರಿದ ಮಗು ಮರಳಿ ಬಂದು ಹೇಳಿಕೊಳ್ಳಬಹುದೆಂಬ ಅಭಯವೂ ಅದರೊಡನೆ ಇರಲಿ. ಪ್ರಾಯಶ್ಚಿತ್ತಕ್ಕೆ ಬಾಗಿಲು ತೆರೆದಿಡದ ಸಮಾಜದಲ್ಲಿ ವ್ರತವು ಕಪಟವನ್ನಷ್ಟೇ ಬೆಳೆಸುತ್ತದೆ.

ಮೂರು. ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಪ್ರತಿಯೊಂದು ಬಸದಿಯ ಬಾಗಿಲಲ್ಲಿ ಆ ವರ್ಷದ ಜಮಾಖರ್ಚನ್ನು ತೂಗುಹಾಕಲಿ. ಠೇವಣಿಗಳೆಷ್ಟು, ಗುತ್ತಿಗೆಗಳೆಷ್ಟು, ಬರಬೇಕಾದ ಬಾಕಿಯೆಷ್ಟು, ಯಾರಿಂದ ಎಂಬುದನ್ನು ಅಕ್ಷರ ಬಲ್ಲ ಯಾವ ಶ್ರಾವಿಕೆಯಾದರೂ ನಿಂತು ಓದುವಂತಿರಲಿ. ನನ್ನದೇನೂ ಇಲ್ಲವೆಂದು ಪ್ರವಚನ ಕೇಳುವ ದಿನ, ಅದರದೆಷ್ಟಿದೆಯೆಂದು ಟ್ರಸ್ಟು ಹೇಳಬೇಡವೆ?

ನಾಲ್ಕು. ಸ್ಮಾರಕ ಕಟ್ಟಲೇಬೇಕೆಂಬ ಹಂಬಲವಿದ್ದವರು ಕಟ್ಟಲಿ. ಆದರೆ ಕಲ್ಲಿಗೆ ಒಂದು ರೂಪಾಯಿ ತೆಗೆಯುವ ಮೊದಲು ಪಾಠಶಾಲೆಗೆ ಒಂದು ರೂಪಾಯಿ ತೆಗೆದಿಡಬೇಕೆಂಬ ನಿಯಮವನ್ನು ಮಂಡಳಿಯ ನಡಾವಳಿಯಲ್ಲಿ ಬರೆದುಕೊಳ್ಳಲಿ. ಸ್ಮಾರಕಕ್ಕೆ ಸವಕಳಿಯಿದೆ; ಇದು ಲೆಕ್ಕಶಾಸ್ತ್ರದ ಮೊದಲ ಪಾಠ. ಬಣ್ಣ ಮಾಸುತ್ತದೆ, ಗಾರೆ ಉದುರುತ್ತದೆ, ಕಾವಲುಗಾರನ ಸಂಬಳ ಏರುತ್ತದೆ. ಹನ್ನೆರಡು ವರ್ಷದ ಮಗುವಿನಲ್ಲಿ ನಾಟಿದ ಒಂದು ಅಣುವ್ರತಕ್ಕೆ ಮಾತ್ರ ಸವಕಳಿಯಿಲ್ಲ. ಅದು ವರ್ಷದಿಂದ ವರ್ಷಕ್ಕೆ ಬೆಳೆಯುವ ಬಂಡವಾಳ.

ಈ ನಾಲ್ಕರಲ್ಲಿ ಯಾವುದಕ್ಕೂ ಹೊಸ ಚಂದಾ ಎತ್ತಬೇಕಾಗಿಲ್ಲ, ಗುದ್ದಲಿಪೂಜೆ ಬೇಕಾಗಿಲ್ಲ, ಅತಿಥಿಗಳಿಗೆ ಹಾರ ಬೇಕಾಗಿಲ್ಲ. ಬಹುಶಃ ಇವು ನಡೆಯದೆ ಉಳಿದಿರುವುದಕ್ಕೆ ಅದೇ ಕಾರಣ. ಪುತಲೀಬಾಯಿಯವರ ಅಂಗಳವನ್ನು ಸರ್ಕಾರವೋ ಸಂಸ್ಥೆಯೋ ಗುಡಿಸಿ ಸಾರಿಸಿ ಕಾಪಾಡುತ್ತದೆ. ಆ ಹೊಣೆ ನಮ್ಮದಲ್ಲ. ಆದರೆ ಮೋಡ ಕವಿದ ದಿನ ಕಾಣದ ಸೂರ್ಯನನ್ನು ಕಂಡೆನೆಂದು ಹೇಳದಿರುವ ಸತ್ಯವನ್ನು ನಮ್ಮ ಮನೆಗಳಲ್ಲಿ ಕಾಪಾಡುವ ಹೊಣೆಯನ್ನು ಯಾವ ಸರ್ಕಾರವೂ ವಹಿಸಿಕೊಳ್ಳಲಾರದು. ಅದಕ್ಕೆ ವಿಶ್ವಸ್ತರು ನಾವೇ. ಬರುವ ದಶಲಕ್ಷಣ ಪರ್ವದೊಳಗೆ ಯಾವ ಯಾವ ಬಸದಿಗಳ ಬಾಗಿಲಲ್ಲಿ ಲೆಕ್ಕ ತೂಗುತ್ತದೆ, ಎಷ್ಟು ಮಕ್ಕಳು ವ್ರತ ಹೊತ್ತು ಊರು ಬಿಡುತ್ತಾರೆ ಎಂಬುದನ್ನು ಸಮಾಜವು ಗಮನಿಸುತ್ತಿರಲಿ. ಜೈ ಜಿನೇಂದ್ರ.